ಅರವತ್ತಕ್ಕೆ ಅರಳುಮರಳು, ಅರವತ್ತೊಂದಕ್ಕೆ ಮೊದಲ ಕೊಲೆ

ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳಿವು. ಬರೆದಿಡುವಾಗ ಕೆಲವು ಕಡೆ ಕತ್ತರಿಸಿದ್ದೇನೆ, ಅಲ್ಲಿ ಮರೆತದ್ದನ್ನು ಕೆಲವು ಕಡೆ ಸೇರಿಸಿದ್ದೇನೆ. ನಡುನಡುವೆ ಕೆಮ್ಮಿದ್ದನ್ನು ಮಾತ್ರ ಪೂರ್ತಿ ಕೈಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಒಂದು ಗುಂಡುಪಿನ್ನಿನ ಕಥೆಯಿಂದ ಶುರು ಮಾಡುತ್ತೇನೆ.

ನಾನು 34 ವರ್ಷ ಲೆಕ್ಕ ತಪಾಸಣೆ ಮಾಡಿದವಳು. ಆಡಿಟ್ ಅಂತಾರಲ್ಲ, ಅದು. ಒಮ್ಮೆ ಒಂದು ಕಚೇರಿಯಲ್ಲಿ ಹಳೆಯ ವೋಚರ್‌ಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದೆ. ಆರೇಳು ವರ್ಷದ ಹಿಂದಿನ ಕಾಗದಗಳು. ಒಂದೊಂದು ವೋಚರಿಗೂ ಅದರ ಬಿಲ್ಲನ್ನು ಗುಂಡುಪಿನ್ನಿನಿಂದ ಸಿಕ್ಕಿಸಿದ್ದರು. ಪಿನ್ನುಗಳೆಲ್ಲ ತುಕ್ಕು ಹಿಡಿದು ಕಾಗದದ ಮೇಲೆ ಕಂದು ಗೆರೆ ಎಳೆದಿದ್ದವು. ಮುಟ್ಟಿದರೆ ಬೆರಳಿಗೂ ಬಣ್ಣ. ಹಾಗೇ ಮಗುಚುತ್ತಾ ಹೋದೆ. ನಡುವೆ ಒಂದು ವೋಚರ್ ಬಂತು. ತಾರೀಖು ಸರಿ, ಸಹಿ ಸರಿ, ಮುದ್ರೆ ಸರಿ. ಪಿನ್ನು ಮಾತ್ರ ಥಳಥಳ ಹೊಳೆಯುತ್ತಿತ್ತು.

ಮುಂದೇನಾಯಿತು ಅನ್ನೋದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿಬಿಟ್ಟರೆ ಹಿಂದಿನ ಸಾಲಿನವರು ಎದ್ದು ಹೋಗುತ್ತಾರೆ. ಪತ್ತೇದಾರಿ ಬರೆಯುವವರಿಗೆ ಅಂಟಿಕೊಳ್ಳುವ ಕೆಟ್ಟ ಚಾಳಿ ಇದು.

ನಿವೃತ್ತಿಯ ದಿನ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಇನ್ನು ಮುಂದೆ ಏನು ಮಾಡ್ತೀರಿ ಮೇಡಂ?" ನಾನು "ಕಾದಂಬರಿ ಬರೀತೀನಿ" ಅಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಚಿಕ್ಕ ಮಗು "ನಾನು ವಿಮಾನ ಓಡಿಸ್ತೀನಿ" ಅಂದಾಗ ತಲೆ ಸವರುತ್ತೇವಲ್ಲ, ಹಾಗೆ ನೋಡಿದರು. ನಮ್ಮಕ್ಕ ಮಾತ್ರ ಫೋನಿನಲ್ಲಿ ನೇರವಾಗಿ ಹೇಳಿದಳು: "ಅರವತ್ತಕ್ಕೆ ಅರಳುಮರಳು ಅಂತಾರೆ. ನಿಂಗೆ ಎರಡು ವರ್ಷ ಮುಂಚೆಯೇ ಶುರುವಾಯ್ತಲ್ಲೇ."

ಅವಳು ಹೇಳಿದ್ದು ಒಂದರ್ಥದಲ್ಲಿ ನಿಜವೇ ಆಯಿತು. ಮೊದಲ ಎರಡು ವರ್ಷ ನಾನು ಮಾಡಿದ್ದು ಅರಳುಮರಳು ಕೆಲಸವೇ. ವಯಸ್ಸಾದ ಮೇಲೆ ಬರೆಯುವುದು ಅಂದರೆ ಏನೋ ಘನವಾದದ್ದನ್ನೇ ಬರೆಯಬೇಕು ಅಂದುಕೊಂಡಿದ್ದೆ. ಮೂರು ತಲೆಮಾರು, ಒಂದು ದೊಡ್ಡ ಮನೆ, ಅದರ ಪತನ. 112 ಪುಟ ಬರೆದೆ. ಅಷ್ಟೂ ಪುಟಗಳಲ್ಲಿ ಯಾರಾದರೊಬ್ಬರು ಕಿಟಕಿಯಾಚೆ ನೋಡುತ್ತಾ ನಿಟ್ಟುಸಿರು ಬಿಡುತ್ತಿದ್ದರು. ಬರೆಯುವಾಗ ನನಗೇ ಆಕಳಿಕೆ. ಬೇಸರ ಕಳೆಯಲು ರಾತ್ರಿ ಪತ್ತೇದಾರಿ ಕಾದಂಬರಿ ಓದುತ್ತಿದ್ದೆ. ಒಂದಿನ ನಮ್ಮನೆಯವರು ದೀಪ ಆರಿಸಲು ಬಂದವರು ಅಂದರು, "ಹಗಲು ನೀನು ಬರೆಯೋ ಅಂಥದ್ದನ್ನ ರಾತ್ರಿ ನೀನೇ ಓದಲ್ಲ. ಮತ್ತೆ ಬೇರೆಯವರು ಯಾಕೆ ಓದಬೇಕು?"

ಆಮೇಲೆ ಗೊತ್ತಾಯಿತು, ಈ ಕಥೆ ನನ್ನೊಬ್ಬಳದ್ದಲ್ಲ. ಕೆನಡಾದ ಲೂಯಿಸ್ ಪೆನ್ನಿ ವರ್ಷಗಟ್ಟಲೆ ರೇಡಿಯೋದಲ್ಲಿ ಕೆಲಸ ಮಾಡಿದವರು. ಕೆಲಸ ಬಿಟ್ಟು ದೊಡ್ಡದೊಂದು ಐತಿಹಾಸಿಕ ಕಾದಂಬರಿ ಬರೆಯಲು ಕೂತು, ವರ್ಷಗಟ್ಟಲೆ ಪೆನ್ನು ಓಡದೆ ಒದ್ದಾಡಿದರು. ಕೊನೆಗೆ ತಾನು ಇಷ್ಟಪಟ್ಟು ಓದುವುದು ಪತ್ತೇದಾರಿಯನ್ನೇ ಅಂತ ಹೊಳೆದು ದಾರಿ ಬದಲಿಸಿದರು. ಮೊದಲ ಕಾದಂಬರಿ 2005ರಲ್ಲಿ ಬಂತು, ಅವರ 47ನೇ ವಯಸ್ಸಿನಲ್ಲಿ.

ಈಗ ನಾನು ಬರೆಯುವ ಬಗೆ, ಕೋಜಿ ಮಿಸ್ಟರಿ, ಅಂದರೆ ಏನು ಅನ್ನೋದನ್ನು ಒಂದು ನಿಮಿಷದಲ್ಲಿ ಹೇಳಿಬಿಡುತ್ತೇನೆ. ಇಲ್ಲಿ ಅರ್ಧ ಜನಕ್ಕೆ ಗೊತ್ತು. ಕೋಜಿ ಅಂದರೆ ಬೆಚ್ಚನೆಯದು. ಕಥೆಯಲ್ಲಿ ಕೊಲೆ ಇರುತ್ತೆ, ರಕ್ತ ಚೆಲ್ಲಾಡುವುದಿಲ್ಲ. ಕೊಲೆ ತೆರೆಯ ಹಿಂದೆ ನಡೆದು ಹೋಗಿರುತ್ತೆ. ಜಾಗ ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಪತ್ತೆ ಮಾಡುವವರು ಪೊಲೀಸರಲ್ಲ, ನಮ್ಮ ನಿಮ್ಮಂಥವರು. ಗ್ರಂಥಪಾಲಕಿ, ಹೂದೋಟದವರು, ನಿವೃತ್ತ ಟೀಚರು. ಕೊನೆಗೆ ಸತ್ಯ ಹೊರಗೆ ಬರಲೇಬೇಕು. ಓದಿ ಮುಗಿಸಿದವರಿಗೆ ರಾತ್ರಿ ನಿದ್ದೆ ಬರಬೇಕು, ಬಾಗಿಲ ಚಿಲಕ ಮೂರು ಸಲ ನೋಡುವಂತಾಗಬಾರದು. ಈ ಬಗೆಯ ಬರಹಗಾರರಿಗೆ ಅಮೆರಿಕದಲ್ಲಿ, ಇಂಗ್ಲಿಷಿನ ಹೆಸರಾಂತ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ ನೆನಪಿನ ಅಗಾಥಾ ಪ್ರಶಸ್ತಿ ಇದೆ. ಗೆದ್ದವರಿಗೆ ಕೊಡುವುದು ಏನು ಗೊತ್ತಾ? ಒಂದು ಟೀ ಪಾಟ್. ನನಗೆ ಇದಕ್ಕಿಂತ ಒಳ್ಳೆಯ ವಿವರಣೆ ಕೊಡಲು ಬರುವುದಿಲ್ಲ.

ಬರವಣಿಗೆಗೆ ತಡವಾಗಿ ಬಂದವರ ಪಟ್ಟಿ ಓದಿ ನಿಮಗೆ ಧೈರ್ಯ ತುಂಬಬೇಕು ಅಂತ ಸಂಘಟಕರ ಆಸೆ. ಪಟ್ಟಿ ಬೇಡ, ಒಬ್ಬರ ಕಥೆ ಸಾಕು. ಲಿಲಿಯನ್ ಜಾಕ್ಸನ್ ಬ್ರಾನ್ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಪತ್ರಿಕೆಯ ಕೆಲಸ ಮಾಡುತ್ತಿದ್ದವರು. ಒಬ್ಬ ವರದಿಗಾರ, ಅವನ ಜೊತೆ ಸಯಾಮಿ ಬೆಕ್ಕು. ಈ ಸರಣಿಯ ಮೊದಲ ಪುಸ್ತಕ 1966ರಲ್ಲಿ ಬಂದಾಗ ಅವರಿಗೆ ಐವತ್ತು ದಾಟಿತ್ತು. 1967ರಲ್ಲಿ ಎರಡನೆಯದು, 1968ರಲ್ಲಿ ಮೂರನೆಯದು. ಆಮೇಲೆ ನಿಂತು ಹೋಯಿತು. ಓದುವವರ ರುಚಿ ಬದಲಾಗಿತ್ತು, ಬೆಕ್ಕಿನ ಪತ್ತೇದಾರಿ ಯಾರಿಗೂ ಬೇಡವಾಗಿತ್ತು. ಒಂದಲ್ಲ ಎರಡಲ್ಲ, 18 ವರ್ಷ. 1986ರಲ್ಲಿ ನಾಲ್ಕನೆಯ ಪುಸ್ತಕ ಬಂತು. ಆಗ ಅವರು ಎಪ್ಪತ್ತು ದಾಟಿದವರು. ಅಲ್ಲಿಂದ ಸುಮಾರು ಇಪ್ಪತ್ತು ವರ್ಷ ಬರೆದರು, ಸರಣಿ 29 ಕಾದಂಬರಿಯವರೆಗೆ ಹೋಯಿತು. 97 ವರ್ಷ ಬದುಕಿದರು.

ನನಗೆ ಇದರಲ್ಲಿ ಇಷ್ಟವಾಗುವುದು 29 ಅಲ್ಲ. ಆ 18. ಬಾಗಿಲು ಮುಚ್ಚಿತು ಅಂತ ಗೊತ್ತಾದ ಮೇಲೂ ಬೆಕ್ಕನ್ನು ತಲೆಯೊಳಗೆ ಸಾಕಿಕೊಂಡಿದ್ದರಲ್ಲ, ಅದು.

ಟಿವಿಯಲ್ಲಿ 1984ರಿಂದ 1996ರವರೆಗೆ ಓಡಿದ 'ಮರ್ಡರ್, ಶಿ ರೋಟ್' ಕೆಲವರಿಗೆ ನೆನಪಿರಬಹುದು. ಅದರ ನಾಯಕಿ ಜೆಸಿಕಾ ಫ್ಲೆಚರ್ ನಿವೃತ್ತ ಇಂಗ್ಲಿಷ್ ಟೀಚರು, ಗಂಡ ತೀರಿಕೊಂಡ ಮೇಲೆ ಕಾದಂಬರಿ ಬರೆಯಲು ಶುರು ಮಾಡಿದವರು. ಅವರು ಹೋದಲ್ಲೆಲ್ಲ ಒಂದು ಹೆಣ ಬೀಳುತ್ತಿತ್ತು. 264 ಕಂತು! ಅಂಥವರನ್ನು ಜನ ಮನೆಗೆ ಹೇಗೆ ಕರೆಯುತ್ತಿದ್ದರೋ. ಸುಮ್ನೆ ಹೇಳಿದೆ, ಮುಂದೆ ಹೋಗೋಣ.

ವಯಸ್ಸಾದವರು ಈ ಬಗೆಯ ಕಥೆಗೆ ಯಾಕೆ ಹೊಂದುತ್ತಾರೆ? ಎಲ್ಲರೂ ಹೇಳುವ ಉತ್ತರ "ಅನುಭವ". ಆ ಪದ ನನಗೆ ಸ್ವಲ್ಪ ಅಲರ್ಜಿ. 34 ವರ್ಷ ಒಂದೇ ಕುರ್ಚಿಯಲ್ಲಿ ಕೂತವಳಿಗೆ ಎಂಥ ಅನುಭವ? ನಾನು ಹೆಣ ನೋಡಿದವಳಲ್ಲ, ಕಳ್ಳನ ಬೆನ್ನು ಹತ್ತಿದವಳಲ್ಲ. ಆದರೆ ಒಂದು ವಿಷಯ ಮತ್ತೆ ಮತ್ತೆ ನೋಡಿದ್ದೇನೆ. ಜನ ದೊಡ್ಡ ಆಸೆಗೆ ಬಿದ್ದು ದೊಡ್ಡ ತಪ್ಪು ಮಾಡುವುದು ಕಡಿಮೆ. ಒಂದು ಸಣ್ಣ ತಪ್ಪು ಆಗಿರುತ್ತೆ. ಹೇಳಲು ನಾಚಿಕೆ. ಅದನ್ನು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು. ಐದನೇ ವರ್ಷಕ್ಕೆ ನಾವು ಹೋಗಿ ಕಡತ ತೆಗೆದಾಗ, ಮೊದಲ ತಪ್ಪು ಯಾವುದು ಅಂತ ಅವರಿಗೇ ನೆನಪಿರುವುದಿಲ್ಲ.

ಕೋಜಿ ಕಥೆಯ ಕೊಲೆಯೂ ಹೀಗೇ ಹುಟ್ಟುತ್ತೆ. ಇಲ್ಲಿ ಭೂಗತ ದೊರೆ ಇಲ್ಲ, ಬಾಂಬ್ ಇಲ್ಲ. ಇಪ್ಪತ್ತು ವರ್ಷದ ಹಿಂದೆ ಯಾರೋ ಯಾರಿಗೋ ಒಂದು ಪತ್ರ ಕೊಡದೆ ಇಟ್ಟುಕೊಂಡಿರುತ್ತಾರೆ, ಅಷ್ಟೇ. ಪೊಲೀಸರ ಹತ್ತಿರ ಬೆರಳಚ್ಚು ಇರುತ್ತೆ, ಫೋನಿನ ದಾಖಲೆ ಇರುತ್ತೆ. ಇಬ್ಬರು ಗೆಳತಿಯರು ಯಾವ ವರ್ಷದಿಂದ ಮಾತು ಬಿಟ್ಟರು ಅನ್ನೋದು ಯಾವ ದಾಖಲೆಯಲ್ಲೂ ಇರಲ್ಲ. ಅದು ಪಕ್ಕದ ಮನೆಯವರಿಗೆ ಗೊತ್ತಿರುತ್ತೆ. ಅದಕ್ಕೇ ಈ ಕಥೆಗಳಲ್ಲಿ ಹವ್ಯಾಸಿ ಪತ್ತೇದಾರಿಣಿ ಗೆಲ್ಲುವುದು. ಅವಳು ಜಾಣೆ ಅಂತಲ್ಲ, ಅವಳು ಆ ಬೀದಿಯಲ್ಲಿ ಜಾಸ್ತಿ ದಿನ ಇದ್ದವಳು ಅಂತ.

ಅಗಾಥಾ ಕ್ರಿಸ್ಟಿ ತನ್ನ ಆತ್ಮಕಥೆಯಲ್ಲಿ ಅಜ್ಜಿಯ ಬಗ್ಗೆ ಒಂದು ಮಾತು ಬರೆದಿದ್ದಾರೆ. ಅಜ್ಜಿ ನಗುನಗುತ್ತಾ ಇರುವವರೇ, ಆದರೆ ಎಲ್ಲರಿಂದಲೂ ಕೆಟ್ಟದ್ದನ್ನೇ ನಿರೀಕ್ಷಿಸುತ್ತಿದ್ದರಂತೆ. ಹೆಚ್ಚಿನ ಸಲ ಅವರ ಲೆಕ್ಕ ಸರಿಯಾಗಿಯೇ ಇರುತ್ತಿತ್ತಂತೆ! ಕ್ರಿಸ್ಟಿಯ ಕಥೆಗಳ ಪತ್ತೇದಾರಿಣಿ ಅಜ್ಜಿ ಮಿಸ್ ಮಾರ್ಪಲ್‌ಗೆ ಆ ಗುಣ ಬಂದದ್ದು ಅಲ್ಲಿಂದ. ನಮ್ಮೆಲ್ಲರ ಮನೆಯಲ್ಲೂ ಅಂಥ ಒಬ್ಬರು ಇದ್ದೇ ಇರುತ್ತಾರೆ. ನಮ್ಮನೆಯಲ್ಲಿ ಈಗ ಅದು ನಾನೇ.

ಇನ್ನು ಕೆಲಸದ ಮಾತಿಗೆ ಬರೋಣ. ಲೆಕ್ಕಪತ್ರದಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಒಂದಿದೆ. ಗೊತ್ತಿರುವವರು ನಗುತ್ತಿದ್ದೀರಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎರಡೂ ಕಡೆಯ ಮೊತ್ತ ತಾಳೆಯಾಗುವುದಿಲ್ಲ. ವ್ಯತ್ಯಾಸ ಎಲ್ಲಿಂದ ಬಂತೋ ತಿಳಿಯದು. ಕೆಲಸ ನಿಲ್ಲಿಸುವಂತಿಲ್ಲ. ಆಗ ಆ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಒಂದು ಖಾತೆಗೆ ಹಾಕಿ ಮುಂದೆ ಹೋಗುತ್ತೇವೆ. ಕಾರಣ ಸಿಕ್ಕಂತೆಲ್ಲ ಒಂದೊಂದನ್ನೇ ಅಲ್ಲಿಂದ ತೆಗೆದು ಅದರ ನಿಜವಾದ ಜಾಗಕ್ಕೆ ಸೇರಿಸಬೇಕು. ಕೊನೆಗೆ ಆ ಖಾತೆ ಸೊನ್ನೆಯಾಗಬೇಕು. ಸೊನ್ನೆಯಾಗದಿದ್ದರೆ ಆಡಿಟರ್ ಬಿಡಲ್ಲ.

ನನ್ನ ಮೊದಲ ಪತ್ತೇದಾರಿಯ ಮೂರನೇ ಅಧ್ಯಾಯದಲ್ಲಿ ದಾರಿ ತಪ್ಪಿದಾಗ ಇದು ನೆನಪಾಯಿತು. ಒಂದು ಉದ್ದನೆಯ ಲೆಡ್ಜರ್ ಪುಸ್ತಕ ತೆಗೆದೆ. ಎಡಗಡೆ, ಓದುಗರ ತಲೆಯಲ್ಲಿ ನಾನು ಹುಟ್ಟಿಸಿದ ಪ್ರಶ್ನೆ, ಅದು ಯಾವ ಪುಟದಲ್ಲಿ ಹುಟ್ಟಿತು. ಬಲಗಡೆ, ಅದಕ್ಕೆ ಉತ್ತರ, ಯಾವ ಪುಟದಲ್ಲಿ ಸಿಕ್ಕಿತು. ನಾಯಿ ಯಾಕೆ ಬೊಗಳಲಿಲ್ಲ, ಕೀಲಿ ಯಾರ ಹತ್ತಿರ ಇತ್ತು, ಆ ಹೆಂಗಸು ಯಾಕೆ ಸುಳ್ಳು ಹೇಳಿದಳು. ಕರಡು ಮುಗಿದಾಗ ಎಡಗಡೆ 41 ಪ್ರಶ್ನೆ, ಬಲಗಡೆ 33 ಉತ್ತರ. ಎಂಟು ಬಾಕಿ. ಅದರಲ್ಲಿ ಒಂದು, ಕೊಲೆಯಾದ ಕೋಣೆಗೆ ಕೊಲೆಗಾರ ಒಳಗೆ ಬಂದದ್ದು ಹೇಗೆ ಅನ್ನೋದು! ಅದನ್ನೇ ಬರೆಯೋಕೆ ಮರೆತಿದ್ದೆ. ಅರಳುಮರಳು ಅಂದರೆ ಇದೇ ಇರಬೇಕು.

ಇದು ನಾನು ಕಂಡುಹಿಡಿದ ನಿಯಮವೇನಲ್ಲ. 1929ರಲ್ಲೇ ರೊನಾಲ್ಡ್ ನಾಕ್ಸ್ ಅನ್ನುವ ಇಂಗ್ಲಿಷ್ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದಿದ್ದರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಕಾಣಬೇಕು ಅನ್ನೋದು ಅದರಲ್ಲೊಂದು. ಗುಟ್ಟಿನ ದಾರಿ ಒಂದಕ್ಕಿಂತ ಜಾಸ್ತಿ ಇರಬಾರದು ಅನ್ನೋದು ಇನ್ನೊಂದು. ಒಂದಕ್ಕೆ ಮಾಫಿ ಇದೆ, ನೋಡಿ.

ಸುಳಿವನ್ನು ಕಾಣುವಂತೆ ಇಡಬೇಕು, ಆದರೆ ಕಾಣಬಾರದು. ಇದು ಹೇಳುವಷ್ಟು ಸುಲಭ ಅಲ್ಲ. ನನ್ನ ಎರಡನೇ ಕಾದಂಬರಿಯಿಂದ ಒಂದು ಉದಾಹರಣೆ ಕೊಡುತ್ತೇನೆ. ಪುಸ್ತಕ ಸಿಗುವುದಿಲ್ಲ, ಪ್ರತಿ ಮುಗಿದಿದೆ. ಹಾಗಾಗಿ ಗುಟ್ಟು ಹೇಳಿದರೆ ನಷ್ಟವಿಲ್ಲ.

ಒಂದು ವಾಚನಾಲಯ. ಅಲ್ಲಿನ ಕಾರ್ಯದರ್ಶಿ ಸತ್ತಿದ್ದಾರೆ. ಮೇಜಿನ ಮೇಲೆ ಒಂದು ಪತ್ರ ಇತ್ತು. ಅದನ್ನು ಮೊದಲು ನೋಡಿದವರು ಒಬ್ಬ ನಿವೃತ್ತ ಮೇಷ್ಟ್ರು. "ಕನ್ನಡಕ ಮನೇಲಿ ಬಿಟ್ಟು ಬಂದಿದ್ದೆ, ಏನು ಬರೆದಿತ್ತೋ ನಾ ಓದಲಿಲ್ಲ" ಅನ್ನುತ್ತಾರೆ. ಅದು ಸುಳ್ಳು. ಕನ್ನಡಕ ಅವರ ಜೇಬಿನಲ್ಲೇ ಇತ್ತು. ಅವರು ಓದಿದ್ದರು ಅಂತ ನಾನು ಓದುಗರಿಗೆ ತೋರಿಸಬೇಕು, ಆದರೆ ಗೊತ್ತಾಗಬಾರದು.

ಮೊದಲು ಹೀಗೆ ಬರೆದೆ: ಅದೇ ಬೆಳಿಗ್ಗೆ ಮೇಷ್ಟ್ರು ಗೋಡೆಯ ಮೇಲಿನ ನೋಟಿಸು ನೋಡಿ, ಅದರಲ್ಲಿದ್ದ ಅಕ್ಷರತಪ್ಪು ತೋರಿಸಿದರು. ಬರೆದು ಬೀಗಿದೆ. ನಮ್ಮನೆಯವರಿಗೆ ಓದಲು ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, ಗೋಡೆಯ ಕ್ಯಾಲೆಂಡರ್ ನೋಡಿದರು. "ತಾರೀಖು ಚೆನ್ನಾಗೇ ಕಾಣ್ತಿದೆ" ಅಂದರು. ಚಾಳೀಸು ಬಂದವರಿಗೆ ಹತ್ತಿರದ್ದು ಮಸುಕು, ದೂರದ್ದು ಸ್ಪಷ್ಟ. ಗೋಡೆಯ ನೋಟಿಸಿಗೆ ಓದುವ ಕನ್ನಡಕ ಬೇಕೇ ಇಲ್ಲ! ಇಪ್ಪತ್ತು ವರ್ಷದಿಂದ ಮೂಗಿನ ಮೇಲೆ ಕನ್ನಡಕ ಹೊತ್ತವಳು ನಾನು. ನನಗೇ ಹೊಳೆಯಲಿಲ್ಲ.

ಸರಿ, ಎರಡನೇ ಸಲ. ಈಗ ಕೈಯಲ್ಲಿ ಹಿಡಿಯುವ ಚೀಟಿ. ಗುಮಾಸ್ತ ಮೇಷ್ಟ್ರಿಗೆ ವಾರ್ಷಿಕ ಚಂದಾದ ರಸೀತಿ ಕೊಡುತ್ತಾನೆ. ಮೇಷ್ಟ್ರು ಅದನ್ನು ನೋಡಿದವರೇ, "ನನ್ನ ಹೆಸರಿಗೆ ಒತ್ತು ಕೊಟ್ಟಿಲ್ಲ. ಎಂಟು ವರ್ಷದಿಂದ ಹೇಳ್ತಿದೀನಿ" ಅಂತ ರೇಗುತ್ತಾರೆ. ಗುಮಾಸ್ತ "ಒತ್ತು ಇಲ್ದಿದ್ರೂ ಚಂದಾ ಬಂದಿದೆ ಸಾರ್" ಅನ್ನುತ್ತಾನೆ. ಜಗಳ ಅರ್ಧ ಪುಟ. ಇದು ಕನ್ನಡಕದ ಮಾತು ಬರುವುದಕ್ಕಿಂತ ಒಂಬತ್ತು ಪುಟ ಮೊದಲು. ಓದಿದವರೆಲ್ಲ ಆ ಜಗಳಕ್ಕೆ ನಕ್ಕರು, ಮುಂದೆ ಹೋದರು. ಇದು ನಾನು ಕಲಿತ ದೊಡ್ಡ ಪಾಠ. ನಗು ಬಂದ ಜಾಗದಲ್ಲಿ ಓದುಗರು ಅನುಮಾನ ಪಡುವುದಿಲ್ಲ. ಮೇಷ್ಟ್ರುಗಳೇ ಹೀಗೆ ಅಂದುಕೊಂಡು ಪುಟ ತಿರುಗಿಸುತ್ತಾರೆ. ಪುಟ ತಿರುಗಿಸಿದರೆ ಗೆದ್ದೆ.

ಒಂದು ಮಾತು ಸೇರಿಸುತ್ತೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಗಾದೆ ಇದೆಯಲ್ಲ, ಅದನ್ನು ನೆಚ್ಚಿ ಕಥೆ ಕಟ್ಟಬೇಡಿ. ನಿಜವಾದ ಕಳ್ಳ ಹೆಗಲು ಮುಟ್ಟಿಕೊಳ್ಳಲ್ಲ. ಮುಟ್ಟಿಕೊಳ್ಳುವುದು ಪಾಪದವರು. ಎಲ್ಲಿ ತಪ್ಪಾಯಿತೋ ಅಂತ ಸದಾ ಹೆದರಿರುವವರು. ಆಡಿಟ್‌ಗೆ ಹೋದಾಗ ಕೈ ನಡುಗುತ್ತಿದ್ದವರಲ್ಲಿ ಹೆಚ್ಚಿನವರ ಪುಸ್ತಕ ಅಚ್ಚುಕಟ್ಟಾಗಿರುತ್ತಿತ್ತು.

ನನ್ನ ದೊಡ್ಡ ತಪ್ಪಿನ ಬಗ್ಗೆ ಹೇಳಲೇಬೇಕು. ಮೊದಲ ಕಾದಂಬರಿಯಲ್ಲಿ ಯಾರನ್ನು ಕೊಲ್ಲಬೇಕು ಅಂತ ಯೋಚಿಸುವ ಅಗತ್ಯವೇ ಬೀಳಲಿಲ್ಲ. ನನ್ನ ಹಳೆಯ ಮೇಲಧಿಕಾರಿಯೊಬ್ಬರು ತಯಾರಿದ್ದರು. ಅವರ ನಡಿಗೆ, ಪೆನ್ನಿನಿಂದ ಮೇಜು ಕುಟ್ಟುವ ಅಭ್ಯಾಸ, ರಜೆ ಚೀಟಿಯನ್ನು ಓದದೇ ಪಕ್ಕಕ್ಕಿಡುವ ರೀತಿ, ಎಲ್ಲ ಹಾಕಿದೆ. ಎರಡನೇ ಅಧ್ಯಾಯದಲ್ಲಿ ಸಾಯಿಸಿದೆ. ಬರೆದ ರಾತ್ರಿ ಬಹಳ ಒಳ್ಳೆ ನಿದ್ದೆ ಬಂತು. ಪ್ರಕಾಶಕರಿಗೆ ಕಳಿಸಿದೆ. ಮೂರು ಕಡೆಯಿಂದ ವಾಪಸ್. ಎರಡು ಕಡೆ ಕಾರಣ ಹೇಳಲಿಲ್ಲ. ಮೂರನೆಯವರು ಎರಡೇ ಸಾಲು ಬರೆದಿದ್ದರು: ಬರವಣಿಗೆ ಚೆನ್ನಾಗಿದೆ, ಆದರೆ ಸತ್ತವನನ್ನು ಕೊಂದವರು ಯಾರು ಅಂತ ತಿಳಿಯುವ ಕುತೂಹಲವೇ ಹುಟ್ಟಲಿಲ್ಲ.

ಸಿಟ್ಟು ಬಂತು. ಒಂದು ವಾರ ಬಿಟ್ಟು ಮತ್ತೆ ಓದಿದಾಗ ಅವರು ಹೇಳಿದ್ದು ಸರಿ ಅನ್ನಿಸಿತು. ಸತ್ತವನಿಗಾಗಿ ಆ ಪುಸ್ತಕದಲ್ಲಿ ಒಬ್ಬರೂ ಅತ್ತಿರಲಿಲ್ಲ. ಎಲ್ಲರಿಗೂ ನಿರಾಳ. ಹಾಗಾದರೆ ಕೊಲೆಗಾರನನ್ನು ಯಾಕೆ ಹಿಡಿಯಬೇಕು, ಸನ್ಮಾನ ಮಾಡಿ ಕಳಿಸಬಹುದಲ್ವಾ? ಮತ್ತೆ ಕೂತೆ. ಅವನಿಗೊಬ್ಬ ತಂಗಿಯನ್ನು ಕೊಟ್ಟೆ. ಪ್ರತಿ ಭಾನುವಾರ ಸಂಜೆ ಅವಳಿಗೆ ಫೋನ್ ಮಾಡಿ ಪದಬಂಧದ ಉತ್ತರ ಕೇಳುತ್ತಿದ್ದ. ಅವನು ಸತ್ತ ಮೇಲಿನ ಭಾನುವಾರ ಅವಳು ಪದಬಂಧ ತುಂಬಿ, ಫೋನಿನ ಪಕ್ಕ ಕೂರುತ್ತಾಳೆ. ಅಷ್ಟೇ ಸೇರಿಸಿದ್ದು, ಒಂದೂವರೆ ಪುಟ. ಪುಸ್ತಕ ಎದ್ದು ನಿಂತಿತು. ಪ್ರಕಟವಾದದ್ದು ಆ ರೂಪವೇ. ಆ ಅಧಿಕಾರಿಯ ಮೇಲಿನ ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರಿಗೂ ಒಬ್ಬ ತಂಗಿ ಇದ್ದಿರಬಹುದು.

ಸಣ್ಣಪುಟ್ಟ ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ವಯಸ್ಸಿನವರು ಬರೆದರೆ ಕಥೆಯಲ್ಲಿ ಮೊಬೈಲ್ ಇರುವುದೇ ಇಲ್ಲ. ಬರೆಯುವುದು ಈ ಕಾಲದ್ದು, ಪಾತ್ರಗಳು ಮಾತ್ರ ಒಬ್ಬರನ್ನೊಬ್ಬರು ಹುಡುಕಿಕೊಂಡು ಮನೆಯಿಂದ ಮನೆಗೆ ಓಡುತ್ತಾ ಇರುತ್ತಾರೆ. ಒಂದು ಕರೆ ಮಾಡಿದ್ದರೆ ಎಂಟನೇ ಅಧ್ಯಾಯವೇ ಬೇಡವಾಗಿತ್ತು. ಇನ್ನೊಂದು, ಗೊತ್ತಿದ್ದದ್ದನ್ನೆಲ್ಲ ತುಂಬುವುದು. ಆಡಿಟ್ ನಿಯಮಗಳ ಬಗ್ಗೆ ನಾನು ಬರೆದಿದ್ದ ಆರು ಪುಟವನ್ನು ನಮ್ಮಕ್ಕ ಒಂದೇ ಗೆರೆಯಲ್ಲಿ ಹೊಡೆದು ಹಾಕಿದಳು. ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿ ವಿಷಗಳ ಬಗ್ಗೆ ತಿಳಿದುಕೊಂಡವರು. 1920ರಲ್ಲಿ ಬಂದ ಮೊದಲ ಕಾದಂಬರಿಯನ್ನು ಔಷಧ ಶಾಸ್ತ್ರದ ಪತ್ರಿಕೆಯೊಂದು ಹೊಗಳಿತ್ತು, ವಿಷದ ವಿವರ ಅಷ್ಟು ಸರಿಯಾಗಿದೆ ಅಂತ. ಆದರೂ ಓದುವಾಗ ಪಾಠ ಕೇಳಿದಂತೆ ಅನ್ನಿಸಲ್ಲ. ಬೇಕಾದಷ್ಟೇ ಹೇಳಿದ್ದಾರೆ.

ಎಷ್ಟು ಬರೆಯಬೇಕು ಅಂತ ಕೇಳುತ್ತೀರಿ. ಇಂಗ್ಲಿಷಿನಲ್ಲಿ ಈ ಬಗೆಯ ಕಾದಂಬರಿ ಸಾಮಾನ್ಯವಾಗಿ 60 ಸಾವಿರದಿಂದ 80 ಸಾವಿರ ಪದ ಇರುತ್ತೆ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಅದೇ ಕಥೆಗೆ ಅಷ್ಟು ಪದ ಬೇಕಾಗಲ್ಲ. ನಾನು ದಿನಕ್ಕೆ 300 ಪದ ಬರೆಯುತ್ತೇನೆ. ವಾರಕ್ಕೆ ಐದು ದಿನ. ನಲವತ್ತು ವಾರಕ್ಕೆ 60 ಸಾವಿರ ಆಯಿತು. ಅದಕ್ಕಿಂತ ಜಾಸ್ತಿ ಕೂತರೆ ಸೊಂಟ ಕೇಳಲ್ಲ. ಬೆಳಿಗ್ಗೆ ಬರೆಯಿರಿ, ರಾತ್ರಿ ಬರೆಯಿರಿ ಅಂತೆಲ್ಲ ಉಪದೇಶ ಮಾಡುವವರಿದ್ದಾರೆ. ನನ್ನ ಕೇಳಿದರೆ, ಮೊಣಕಾಲು ನೋಯದ ಹೊತ್ತಿನಲ್ಲಿ ಬರೆಯಿರಿ.

ಒಂದು ಭಯದ ವಿಷಯವನ್ನೂ ಮುಚ್ಚಿಡಬಾರದು. 2009ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಕ್ರಿಸ್ಟಿಯ ಕಾದಂಬರಿಗಳನ್ನು ಕಂಪ್ಯೂಟರಿಗೆ ಹಾಕಿ ಪದ ಎಣಿಸಿದರು. ಕೊನೆಕೊನೆಯ ಪುಸ್ತಕಗಳಲ್ಲಿ ಬೇರೆ ಬೇರೆ ಪದಗಳ ಬಳಕೆ ಕಡಿಮೆಯಾಗಿತ್ತು. ಹೇಳಿದ್ದನ್ನೇ ಹೇಳುವುದು ಹೆಚ್ಚಾಗಿತ್ತು. 'ಅದು', 'ಏನೋ', 'ಎಂಥದೋ' ಅನ್ನುವಂಥ ಪದಗಳು ಜಾಸ್ತಿಯಾಗಿದ್ದವು. ಮರೆವಿನ ಕಾಯಿಲೆ ಇದ್ದಿರಬಹುದು ಅಂತ ಅವರ ಊಹೆ. ಅದನ್ನು ಓದಿದ ದಿನ ನನ್ನ ಹೊಸ ಕರಡು ತೆಗೆದು 'ಅದೇನೋ' ಎಷ್ಟು ಸಲ ಬಂದಿದೆ ಅಂತ ಎಣಿಸಿದೆ. 57. ಹಳೆಯ ಪುಸ್ತಕದಲ್ಲಿ ಎಣಿಸಿದೆ. 61. ಅಂದರೆ ನಾನು ಮೊದಲಿಂದಲೂ ಹೀಗೇ! ಸಮಾಧಾನವಾಯಿತು. ಈಗಲೂ ಪ್ರತಿ ಕರಡು ಮುಗಿದ ಮೇಲೆ ಎಣಿಸುತ್ತೇನೆ.

ಇಲ್ಲಿಂದ ಮುಂದೆ ಪ್ರಶ್ನೆಗಳು. ಎಲ್ಲವನ್ನೂ ಹಾಕಿಲ್ಲ. ಸಂಪಾದನೆ ಎಷ್ಟು ಅಂತ ಕೇಳಿದವರಿಗೆ ಅಲ್ಲೇ ಉತ್ತರ ಕೊಟ್ಟಿದ್ದೇನೆ: ಪೆನ್ಷನ್ ಬಿಡಬೇಡಿ.

ನಿಮ್ಮ ಪತ್ತೇದಾರಿಣಿಗೂ ನಿಮ್ಮಷ್ಟೇ ವಯಸ್ಸಾ ಅಂತ ಒಬ್ಬರು ಕೇಳಿದರು. ಇಲ್ಲ. ಅವಳಿಗೆ 52. ಇದು ಲೆಕ್ಕಾಚಾರದ ನಿರ್ಧಾರ. ಕ್ರಿಸ್ಟಿ 1920ರ ಮೊದಲ ಕಾದಂಬರಿಯಲ್ಲೇ ತಮ್ಮ ಪತ್ತೇದಾರ ಪೊಯ್ರೊನನ್ನು ನಿವೃತ್ತ ಪೊಲೀಸ್ ಅಧಿಕಾರಿ ಮಾಡಿಬಿಟ್ಟರು. ಆಮೇಲೆ ಅವನನ್ನು 1975ರವರೆಗೆ ಓಡಾಡಿಸಬೇಕಾಯಿತು. ವಯಸ್ಸಿನ ಲೆಕ್ಕ ಹಾಕಿದರೆ ನೂರು ದಾಟುತ್ತೆ. ಅಷ್ಟು ವಯಸ್ಸಾದವನನ್ನು ಆರಿಸಿಕೊಂಡದ್ದು ತಪ್ಪಾಯಿತು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಮಿಸ್ ಮಾರ್ಪಲ್ ವಿಷಯದಲ್ಲೂ ಅದೇ ಆಯಿತು. ನಾನು ಇನ್ನೂ ಹತ್ತು ಪುಸ್ತಕ ಬರೆಯುವ ಆಸೆ ಇಟ್ಟುಕೊಂಡವಳು. ನನಗೆ ಮೆಟ್ಟಿಲು ಹತ್ತಲು ಆಗದಿದ್ದರೂ ಅವಳು ಹತ್ತಬೇಕು.

ಒಬ್ಬ ಹುಡುಗಿ ಕೇಳಿದಳು, "ಕೊಲೆಯನ್ನ ಹೀಗೆ ಆರಾಮಾಗಿ ಓದೋ ಹಾಗೆ ಬರೆಯೋದು ತಪ್ಪಲ್ವಾ?" ಒಳ್ಳೆ ಪ್ರಶ್ನೆ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಪದಬಂಧದ ತಂಗಿ ನನ್ನ ಅರ್ಧ ಉತ್ತರ. ಸತ್ತವರು ಬರೀ ಒಗಟು ಆಗಿಬಿಟ್ಟರೆ ನನಗೂ ಆ ಪುಸ್ತಕ ಹಿಡಿಸುವುದಿಲ್ಲ. ಅಂಥ ಪುಸ್ತಕಗಳು ಬೇಕಾದಷ್ಟಿವೆ, ಸುಳ್ಳು ಹೇಳಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. "ಮೇಡಂ, ಹೊಳೆಯೋ ಪಿನ್ನು ಏನಾಯ್ತು? ಹೇಳ್ತೀನಿ ಅಂದಿದ್ರಿ." ನಿಜವಾಗಿಯೂ ಮರೆತುಬಿಟ್ಟಿದ್ದೆ. ಸಸ್ಪೆನ್ಸ್ ಅಕೌಂಟ್ ಬಗ್ಗೆ ಅಷ್ಟು ಹೊತ್ತು ಭಾಷಣ ಮಾಡಿದವಳು ನಾನು.

ಆ ವೋಚರ್ ನಕಲಿಯೇ. ಆಮೇಲೆ ಕೂತು ತಯಾರು ಮಾಡಿದ್ದು. ಅಲ್ಲಿನ ಗುಮಾಸ್ತರು ವಯಸ್ಸಾದವರು, ಬೂದು ಬಣ್ಣದ ಸ್ವೆಟರ್ ಹಾಕುತ್ತಿದ್ದರು, ಕೇಳಿದ ಕೂಡಲೇ ಕೈ ನಡುಗಿತು. ಹಿಡಿದೆ ಅಂದುಕೊಂಡೆ. ಮೂರು ದಿನ ಹಿಂದಿನ ಮುಂದಿನ ಪುಸ್ತಕಗಳನ್ನೆಲ್ಲ ಜಾಲಾಡಿದೆ. ಬಿಲ್ಲು ಕೊಟ್ಟ ಅಂಗಡಿಯ ಪ್ರತಿ ತರಿಸಿ ನೋಡಿದೆ. ಮೊತ್ತ ಸರಿಯಾಗಿತ್ತು. ಒಂದಂಕಿಯೂ ಹೆಚ್ಚುಕಮ್ಮಿ ಇರಲಿಲ್ಲ. ಅಸಲಿ ವೋಚರ್ ಮೇಲೆ ಶಾಯಿ ಚೆಲ್ಲಿ ಹಾಳಾಗಿತ್ತಂತೆ. ಹೇಳಲು ಹೆದರಿ, ಮೇಲಿನವರ ಸಹಿಯನ್ನೂ ತಾವೇ ಹಾಕಿ ಇನ್ನೊಂದು ಮಾಡಿಟ್ಟಿದ್ದರು. ಕದ್ದದ್ದು ಏನೂ ಇಲ್ಲ. ಆದರೂ ಸಹಿ ಸುಳ್ಳೇ. ನಾನು ವರದಿಯಲ್ಲಿ ಬರೆದೆ. ಬರೆಯಲೇಬೇಕಿತ್ತು. ಮುಂದಿನ ವರ್ಷ ಹೋದಾಗ ಆ ಕುರ್ಚಿಯಲ್ಲಿ ಬೇರೆಯವರಿದ್ದರು. ನಾನು ಕೇಳಲಿಲ್ಲ.

ನನ್ನ ಎಲ್ಲ ಪುಸ್ತಕಗಳಲ್ಲೂ ಬೂದು ಸ್ವೆಟರಿನ ಒಬ್ಬ ಗುಮಾಸ್ತ ಬರುತ್ತಾರೆ. ನೂರನೇ ಪುಟದ ಹೊತ್ತಿಗೆ ಎಲ್ಲರೂ ಅವರ ಮೇಲೆ ಅನುಮಾನ ಪಡುತ್ತಾರೆ. ಈಗ ಗುಟ್ಟು ಹೇಳಿಬಿಡುತ್ತೇನೆ, ಮುಂದಿನ ಪುಸ್ತಕ ಓದುವಾಗ ನಿಮಗೆ ಉಪಯೋಗವಾಗಲಿ. ಅವರು ಏನೂ ಮಾಡಿರುವುದಿಲ್ಲ.